ಸೈರನ್ ಆದಮೇಲೆ ಬಿದ್ದ ಕಲ್ಲು

ಬಂದೋಬಸ್ತಿಗೆ ಕ್ಯಾಮೆರಾ ಹೊತ್ತು ಹೋಗುವ ಈಗಿನ ಹುಡುಗರು ನನ್ನ ಹತ್ತಿರ ಬಂದು ಗೊಣಗುವುದುಂಟು. ‘ಏನ್ ಕಾಟ ರಾಜಣ್ಣ ಇದು? ಪ್ರತಿಭಟನೆ ಮುಗೀತಿದ್ದ ಹಾಗೇ ಪೊಲೀಸ್ರಿಗೆ ಒರಿಜಿನಲ್ ಕೊಟ್ಬಿಡ್ಬೇಕಂತೆ. ಇಬ್ರು ಸಾಕ್ಷಿ ಎದುರು ಲಕೋಟೆಗೆ ಹಾಕಿ ಅರಗು ಒತ್ತುತ್ತಾರೆ. ಒಂದು ಶಾಟ್ ಆಚೆ ಈಚೆ ಮಾಡಂಗಿಲ್ಲ. ನಾವೇನು ಕಳ್ಳರಾ?’

ನಾನು ಅವರಿಗೆ ಕಾಫಿ ತರಿಸಿ ಕೂರಿಸುತ್ತೇನೆ. ಆ ಅರಗಿನ ಕಟ್ಟಳೆ ನಮ್ಮ ಚಿಕ್ಕಮಗಳೂರಿನ ಠಾಣೆಗೆ ಬಂದದ್ದೇ ನನ್ನಿಂದ. ಇಪ್ಪತ್ತು ವರ್ಷ ವಿಡಿಯೋ ಮಾಡಿದೆ, ಸಾವಿರ ಜನರ ಮದುವೆ ಹಿಡಿದೆ, ಅದೆಲ್ಲ ಈಗ ಅಟ್ಟದ ಮೇಲಿದೆ. ಒಂದು ಕ್ಯಾಸೆಟ್ಟಿನ ವಿಷಯ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಅದನ್ನು ಹೇಳಿಯೇ ತೀರಬೇಕು ಎಂದು ಬರೆಯಲು ಕೂತಿದ್ದೇನೆ.

ನನ್ನಪ್ಪ ಕಾಫಿಬೀಜ ಸಿಪ್ಪೆ ಬಿಡಿಸಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂಟೆ ಹೊರುತ್ತಿದ್ದವರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಫೋಟೋ ಸ್ಟುಡಿಯೋ ಒಂದರಲ್ಲಿ ಕಸ ಗುಡಿಸುತ್ತಾ ಕೆಲಸ ಕಲಿತೆ. ತೊಂಬತ್ತರ ದಶಕದ ಶುರುವಿನಲ್ಲಿ ಹೆಗಲ ಮೇಲೆ ಹೊರುವ ಹಳೆಯ ವಿಎಚ್‌ಎಸ್ ಕ್ಯಾಮೆರಾ ಕೊಂಡು ಮಾರ್ಕೆಟ್ ಹಿಂದಿನ ಓಣಿಯಲ್ಲಿ ಸ್ವಂತ ಅಂಗಡಿ ಇಟ್ಟೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆದರೆ ಕೇಳಿ, ವಿಡಿಯೋದವನು ಮೊದಲು ಚೌಕಾಸಿ ಮಾಡಬೇಕಾದದ್ದು ದರಕ್ಕೆ ಅಲ್ಲವೇ ಅಲ್ಲ, ಜಾಗಕ್ಕೆ. ಮಂಟಪದ ಯಾವ ಕಂಬದ ಪಕ್ಕ ನಿಲ್ಲುತ್ತೀನಿ, ಪ್ಲಗ್ ಪಾಯಿಂಟ್ ಎಲ್ಲಿದೆ, ಪುರೋಹಿತರ ಬೆನ್ನು ಯಾವ ಕಡೆಗಿರುತ್ತೆ? ಇಷ್ಟನ್ನು ಹಿಂದಿನ ದಿನವೇ ಮಾತಾಡಿಕೊಳ್ಳಬೇಕು. ಇಲ್ಲದಿದ್ದರೆ ಕ್ಯಾಸೆಟ್ಟಿನ ತುಂಬ ಪುರೋಹಿತರ ಬೆನ್ನೇ.

ಕಳಸದ ಹತ್ತಿರ ಸಂಸೆಯಲ್ಲಿ ನನಗೊಂದು ಪಾಠವಾಯಿತು. ಒಂದು ಮದುವೆ. ಗಟ್ಟಿಮೇಳ ಎದ್ದಿತು, ಗಂಡು ತಾಳಿ ಎತ್ತಿದ, ಕರೆಂಟ್ ಹೋಯಿತು. ನನ್ನ ಬ್ಯಾಟರಿ ಮೊದಲೇ ಸತ್ತಿತ್ತು. ಕರೆಂಟ್ ಬರುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು, ಜನ ಎಲೆ ಮುಂದೆ ಕೂತಿದ್ದರು. ನಾನು ಹುಡುಗಿಯ ಅಪ್ಪನನ್ನು ಮೂಲೆಗೆ ಕರೆದುಕೊಂಡು ಹೋಗಿ ಒಪ್ಪಿಸಿದೆ. ಊಟ ಆದಮೇಲೆ ಗಂಡು ಹೆಣ್ಣನ್ನು ಮತ್ತೆ ಕೂರಿಸಿ, ವಾಲಗದವರಿಂದ ಮತ್ತೆ ಊದಿಸಿ, ತಾಳಿಯ ಮೇಲೆ ಕೈಯಿಡಿಸಿ ಚಿತ್ರ ತೆಗೆದೆ. ಹುಡುಗಿಯ ಅಜ್ಜಿ ಎಲೆಅಡಿಕೆ ಜಗಿಯುತ್ತಾ ನೋಡುತ್ತಿದ್ದವರು ಹೇಳಿದರು:

‘ನೀ ಎಷ್ಟು ಸಲ ಬೇಕಾರೂ ಕಟ್ಸು ಮಾರಾಯ. ದೇವ್ರು ನೋಡಿದ್ದು ಒಂದೇ ಸಲ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಅಜ್ಜಿಯ ಮಾತನ್ನು ಆವತ್ತೇ ಗಂಟು ಕಟ್ಟಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಕಲಿತದ್ದು ಉಲ್ಟಾ ಪಾಠ. ಕ್ಯಾಸೆಟ್ ನೋಡಿದ ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ. ಹಾಗಾದರೆ ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ನನ್ನ ಕೈಯಲ್ಲಿದೆ ಎಂದುಕೊಂಡೆ.

ಆಗ ಎಡಿಟಿಂಗ್ ಎಂದರೆ ಎರಡು ವಿಸಿಆರ್. ಒಂದರಲ್ಲಿ ಓಡಿಸುವುದು, ಬೇಕಾದ್ದನ್ನು ಇನ್ನೊಂದರಲ್ಲಿ ಹಿಡಿಯುವುದು. ನನ್ನದೊಂದು ಪದ್ಧತಿಯಿತ್ತು. ಧಾರೆ ಮೊದಲೇ ತೋರಿಸಿದರೆ ಜನ ಟೀವಿ ಆರಿಸಿ ಎದ್ದು ಹೋಗುತ್ತಾರೆ. ಅದಕ್ಕೆ ನೆಂಟರು, ಊಟ, ನಗು ಎಲ್ಲ ಮುಂದಕ್ಕೆ ಹಾಕಿ, ಧಾರೆಯನ್ನು ಕೊನೆಗೆ ಇಡುತ್ತಿದ್ದೆ. ನನ್ನ ಕ್ಯಾಸೆಟ್ಟಿನಲ್ಲಿ ಜನ ಊಟ ಮಾಡಿ ಕೈತೊಳೆದು ಆಮೇಲೆ ಅಕ್ಷತೆ ಹಾಕುತ್ತಿದ್ದರು. ಯಾರೂ ಚಕಾರ ಎತ್ತಲಿಲ್ಲ. ‘ರಾಜಣ್ಣನ ಕ್ಯಾಸೆಟ್ ಕೊನೇವರೆಗೂ ನೋಡ್ಬೇಕು’ ಎಂದು ಮೂಡಿಗೆರೆಯವರೆಗೂ ಹೆಸರಾಯಿತು.

ಆ ಹೆಸರು ಕೇಳಿಯೇ ಇನ್ಸ್‌ಪೆಕ್ಟರ್ ಗಂಗಾಧರಪ್ಪನವರು ನನ್ನನ್ನು ಠಾಣೆಗೆ ಕರೆಸಿದ್ದು. ಇಲಾಖೆಯಲ್ಲಿ ಆಗ ಕ್ಯಾಮೆರಾ ಇರಲಿಲ್ಲ. ಮೆರವಣಿಗೆ, ಧರಣಿ ಎಂದರೆ ಮದುವೆ ವಿಡಿಯೋದವರನ್ನೇ ಕರೆಯುತ್ತಿದ್ದರು. ನಾನು ಎತ್ತರದ ಜಾಗ ಕೇಳಿದೆ. ‘ಜೀಪಿನ ಬಾನೆಟ್ ಮೇಲೆ ನಿಲ್ಲಕ್ಕೆ ಬಿಡ್ಬೇಕು ಸಾರ್. ಕೆಳಗೆ ನಿಂತ್ರೆ ಬರೀ ಟೋಪಿ ಕಾಣುತ್ತೆ.’

‘ಬಾನೆಟ್ಟು ಬಗ್ಗಿಸಿದ್ರೆ ನಿನ್ನನ್ನೇ ಬಗ್ಗಿಸ್ತೀನಿ’ ಎಂದರು. ಒಪ್ಪಿದರು. ಆವತ್ತಿಂದ ಊರಿನ ಎಲ್ಲ ಗಲಾಟೆಗಳನ್ನೂ ನಾನು ಜೀಪಿನ ಬಾನೆಟ್ ಮೇಲಿಂದಲೇ ನೋಡಿದವನು.

ಸುಶೀಲಮ್ಮನ ವಿಷಯಕ್ಕೆ ಬರುತ್ತೇನೆ. ಆಕೆ ನಮ್ಮ ಓಣಿಯವಳೇ. ಕ್ಯೂರಿಂಗ್ ವರ್ಕ್ಸಿನಲ್ಲಿ ಮೊರದ ಮುಂದೆ ಕೂತು ಕೆಟ್ಟ ಕಾಫಿಬೀಜ ಆರಿಸುವ ಕೆಲಸ. ತಮ್ಮ ಲೋಕೇಶ ಲಾರಿ ಲೋಡರ್. ಕಾಫಿ ಮೂಟೆ ಕಳವಾಯಿತು ಎಂದು ಪೊಲೀಸರು ಅವನನ್ನು ಎತ್ತಿಕೊಂಡು ಹೋದರು. ಈಕೆ ಠಾಣೆಗೆ ಹೋದರೆ, ಅಂಥವನು ಇಲ್ಲಿಗೆ ಬಂದೇ ಇಲ್ಲ ಎಂದರು. ಎಲ್ಲಿಯೂ ಅವನ ಹೆಸರು ಬರೆದಿರಲಿಲ್ಲ. ಎರಡು ದಿನ ಆಕೆ ಠಾಣೆಯ ಕಾಂಪೌಂಡಿನ ಹೊರಗೆ ಕೂತಳು. ನಾನು ಆ ದಾರಿಯಲ್ಲಿ ಹೋಗುವಾಗ ಕೂಗಿದಳು:

‘ಅಣ್ಣಾ, ನೀನು ಒಳಗೆಲ್ಲ ಓಡಾಡ್ತೀಯಲ್ಲ, ನೋಡಿ ಹೇಳು. ಒಳಗೆ ಕೆಮ್ತಿರೋದು ಅವ್ನೇ. ನನ್ನ ತಮ್ಮನ ಕೆಮ್ಮು ನಂಗೊತ್ತಾಗಲ್ವಾ?’

‘ನಂಗ್ಯಾಕಮ್ಮ ಪೊಲೀಸ್ರ ಉಸಾಬರಿ’ ಎಂದು ಸ್ಕೂಟರಿಗೆ ಕಿಕ್ ಹೊಡೆದೆ.

ಮೂರನೇ ದಿನ ಕಾಫಿ ಆರಿಸುವ ಹೆಂಗಸರೆಲ್ಲ ಕೆಲಸ ಬಿಟ್ಟು ಠಾಣೆ ಮುಂದೆ ಬಂದು ನಿಂತರು. ಅವರ ಬೇಡಿಕೆ ಒಂದೇ. ಠಾಣೆಗೆ ಯಾರನ್ನೇ ಕರೆತಂದರೂ ಅವರ ಹೆಸರನ್ನು ಹೊರಗಿನ ಗೋಡೆಯ ಮೇಲೆ ಒಂದು ಹಲಗೆಯಲ್ಲಿ ಬರೆಯಬೇಕು, ಮನೆಯವರು ಬಂದು ಓದಿಕೊಳ್ಳುವ ಹಾಗೆ. ನಾನು ಬಾನೆಟ್ ಮೇಲಿದ್ದೆ. ಗಲಾಟೆಯಾಯಿತು. ಕಲ್ಲು, ಲಾಠಿ ಎರಡೂ ಆದವು. ಒಬ್ಬ ಕಾನ್‌ಸ್ಟೇಬಲ್ಲಿನ ಹಣೆ ಒಡೆಯಿತು. ಸುಶೀಲಮ್ಮ ಕಲ್ಲು ಎಸೆದದ್ದು ನನ್ನ ಚಿತ್ರದಲ್ಲಿ ನಿಚ್ಚಳವಾಗಿ ಬಂದಿತ್ತು.

‘ಎಸ್ಪಿ ಸಾಹೇಬ್ರಿಗೆ ಪೂರ್ತಿ ನೋಡಕ್ಕೆ ಟೈಮಿಲ್ಲ. ಹತ್ತು ನಿಮಿಷದ ಕ್ಯಾಸೆಟ್ ಮಾಡ್ಕೊಡು’ ಎಂದರು ಗಂಗಾಧರಪ್ಪ. ಅವರು ಹೇಳಿದ್ದು ಅಷ್ಟೇ. ಮಾಡಿಕೊಟ್ಟೆ. ಮಾರನೇ ವಾರ ಹೊಸ ಕ್ಯಾಸೆಟ್ ಇಲ್ಲದೆ, ಒರಿಜಿನಲ್ಲಿನ ಮೇಲೆ ಇನ್ಯಾವುದೋ ಸಮಾರಂಭ ಹಿಡಿದುಬಿಟ್ಟೆ. ಎಲ್ಲರೂ ಹಾಗೇ ಮಾಡುತ್ತಿದ್ದೆವು.

ಲೋಕೇಶನನ್ನು ಗಲಾಟೆಯಾದ ಸಂಜೆಯೇ ಹಿಂಬಾಗಿಲಿನಿಂದ ಬಿಟ್ಟರು. ಮುಂದೆ ಹೊಸ ಎಸ್ಪಿ ಬಂದರು. ಹೆಂಗಸರನ್ನು ಕರೆಸಿ ಕೂರಿಸಿ ಮಾತಾಡಿದರು. ಠಾಣೆಯ ಹೊರಗೋಡೆಗೆ ಕಪ್ಪು ಹಲಗೆ ಬಂತು, ಸೀಮೆಸುಣ್ಣ ಬಂತು. ಎಲ್ಲ ಸರಿ, ಸುಶೀಲಮ್ಮನ ಮೇಲಿನ ಕೇಸು ಮಾತ್ರ ಹೋಗಲಿಲ್ಲ. ಗುಂಪು ಕಲ್ಲೆಸೆದ ಮೇಲೆ ಪೊಲೀಸರು ಅನಿವಾರ್ಯವಾಗಿ ಲಾಠಿ ಎತ್ತಿದರು, ಮೊದಲ ಕಲ್ಲು ಆಕೆಯದು ಎಂದು ಚಾರ್ಜ್‌ಶೀಟು. ಕೋರ್ಟಿನಲ್ಲಿ ಕ್ಯಾಸೆಟ್ ಹಾಕಿದರು. ಅದರಲ್ಲಿ ಹಾಗೆಯೇ ಇತ್ತು. ನಾನು ಪ್ರಮಾಣ ಮಾಡಿ ಹೇಳಿದೆ: ‘ಹೌದು ಸ್ವಾಮಿ, ನಾನೇ ತೆಗೆದದ್ದು. ಮೊದಲು ಕಲ್ಲು, ಆಮೇಲೆ ಲಾಠಿ.’ ಉಳಿದ ಹೆಂಗಸರು ಉಲ್ಟಾ ಹೇಳಿದರು. ಟೀವಿ ಎದುರಿಗಿರುವಾಗ ಬಾಯಿಮಾತು ಯಾರು ಕೇಳುತ್ತಾರೆ?

ಕೇಸಿನ ಕಾರಣಕ್ಕೆ ಆಕೆಯ ಕೆಲಸ ಹೋಯಿತು. ಹೂ ಕಟ್ಟಿ ಮಾರತೊಡಗಿದಳು. ವಾಯಿದೆ ಮೇಲೆ ವಾಯಿದೆ, ವರ್ಷಗಳೇ ಹೋದವು. ನಾನು ಬುದ್ಧಿ ಹೇಳುವುದರಲ್ಲಿ ಹಿಂದೆ ಬಿದ್ದವನಲ್ಲ. ಒಮ್ಮೆ ಹೂವಿನ ಬುಟ್ಟಿಯ ಮುಂದೆ ನಿಂತು, ‘ಕಲ್ಲು ಎಸೆಯೋಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು ಕಣಮ್ಮ’ ಎಂದೆ.

‘ಎಸೆದೆ ಅಣ್ಣ. ತಪ್ಪಾಯ್ತು’ ಎಂದಳು. ತಲೆ ಎತ್ತಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಂದಿನಿ ಎಂಬ ಹೆಣ್ಣುಮಗಳು ನನ್ನ ಅಂಗಡಿಗೆ ಬಂದಳು. ಮೈಸೂರಿನಲ್ಲಿ ಓದಿದವಳು, ಕೈಯಲ್ಲಿ ಅಂಗೈಯಗಲದ ಕ್ಯಾಮೆರಾ. ನಮ್ಮ ಠಾಣೆಯ ಗೋಡೆಗೆ ಹಲಗೆ ಬಂದ ಕಥೆಯನ್ನು ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ, ಆ ದಿನದ ದೃಶ್ಯ ಬೇಕು ಎಂದಳು. ನನ್ನ ಹತ್ತಿರ ಪೊಲೀಸರಿಗೆ ಕೊಟ್ಟದ್ದರ ಕಾಪಿ ಇತ್ತು. ಕೂಡಲೇ ಚೌಕಾಸಿಗೆ ಇಳಿದೆ: ಛಾಯಾಗ್ರಹಣ ಎಂದು ನನ್ನ ಹೆಸರು ಬರಬೇಕು, ದೊಡ್ಡ ಅಕ್ಷರದಲ್ಲಿ, ಮೊದಲಲ್ಲೇ. ಆಕೆ ನಗುತ್ತಾ ಒಪ್ಪಿದಳು.

ಬೆಳಗಿನ ಹೊತ್ತು ಕ್ಯಾಸೆಟ್ ಹಾಕಿದೆವು. ಎರಡು ಸಲ ನೋಡಿದಳು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಬರೀ ಕೇಳಿದಳು. ಆಮೇಲೆ:

‘ಸರ್, ಈ ಕೂಗು ಏನು?’

‘ಕ್ಯೂರಿಂಗ್ ವರ್ಕ್ಸ್ ಸೈರನ್ನಮ್ಮ. ಹನ್ನೆರಡು ಗಂಟೆದು.’

‘ಮಧ್ಯಾಹ್ನ ಒಂದೇ ಸಲ ಅಲ್ವಾ ಆಗೋದು?’

‘ಒಂದೇ ಸಲ.’

‘ಕಲ್ಲು ಬೀಳುವಾಗೆಲ್ಲ ಸೈರನ್ ಜೋರಾಗಿ ಕೂಗ್ತಾ ಇದೆ. ಈಗ ಲಾಠಿ ಶಾಟ್ ಕೇಳಿ. ಸೈರನ್ ಇಲ್ಲ, ಇಲ್ಲ… ಕೊನೇಲಿ ಕೇಳಿ.’

ಕೇಳಿದೆ. ಲಾಠಿಯ ದೃಶ್ಯ ಮುಗಿಯುವ ಕೊನೆಯ ಅರೆಕ್ಷಣದಲ್ಲಿ ಸೈರನ್ ಸಣ್ಣಗೆ ಏಳುತ್ತದೆ. ಅಲ್ಲಿಗೆ ಕಟ್.

‘ಅಂದ್ರೆ ಲಾಠಿ ಬಿದ್ದ ಮೇಲೆ ಸೈರನ್ ಶುರುವಾಗಿದೆ. ಸೈರನ್ ಶುರುವಾದ ಮೇಲೆ ಕಲ್ಲು ಬಿದ್ದಿದೆ. ಕ್ಯಾಸೆಟ್ಟಲ್ಲಿ ಹಿಂದುಮುಂದಾಗಿದೆ, ಸರ್. ಯಾರು ಮಾಡಿದ್ದು ಇದನ್ನ?’

ನಾನು ರಿಮೋಟು ಒತ್ತಿ ಚಿತ್ರ ನಿಲ್ಲಿಸಿದೆ. ಯಾರು ಮಾಡಿದ್ದು ಎಂದರೆ? ಆ ಎರಡು ವಿಸಿಆರ್ ಮುಂದೆ ಕೂತಿದ್ದವನು ನಾನೊಬ್ಬನೇ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಲಾಠಿ ಬೀಸುವ ದೃಶ್ಯ ಬಹಳ ಚೆನ್ನಾಗಿ ಬಂದಿತ್ತು. ಚೆನ್ನಾಗಿ ಬಂದದ್ದನ್ನು ಕೊನೆಗೆ ಇಡುವುದು ನನ್ನ ಪದ್ಧತಿ. ಧಾರೆಯನ್ನು ಇಟ್ಟ ಹಾಗೆ ಲಾಠಿಯನ್ನೂ ಕೊನೆಗೆ ಇಟ್ಟಿದ್ದೆ.

ಅದಕ್ಕಿಂತ ಬೆಚ್ಚಿ ಬೀಳಿಸಿದ್ದು ಇನ್ನೊಂದು. ನಾನು ಕೋರ್ಟಿನಲ್ಲಿ ಸುಳ್ಳು ಹೇಳಿರಲಿಲ್ಲ. ಮೊದಲು ಕಲ್ಲು ಬಿತ್ತು ಎಂದೇ ನಂಬಿದ್ದೆ. ಬಾನೆಟ್ ಮೇಲೆ ನಿಂತು ಕಣ್ಣಾರೆ ಕಂಡವನು ನಾನು. ಆದರೆ ಕಂಡದ್ದು ಒಂದು ಸಲ, ಕ್ಯಾಸೆಟ್ ನೋಡಿದ್ದು ಐವತ್ತು ಸಲ. ನನ್ನ ಕಣ್ಣು ಕಂಡದ್ದನ್ನು ನನ್ನ ಕತ್ತರಿಯೇ ಅಳಿಸಿಹಾಕಿತ್ತು.

‘ಒರಿಜಿನಲ್ ಇದ್ಯಾ ಸರ್? ವಾದ ಮುಗಿದಿದೆ. ತೀರ್ಪಿಗೆ ಹನ್ನೊಂದು ದಿನ ಇದೆ ಅಂತ ಸುಶೀಲಮ್ಮ ಹೇಳಿದ್ರು. ಶಿಕ್ಷೆ ಖಂಡಿತ ಅಂತ ಲಾಯರೇ ಕೈಚೆಲ್ಲಿದ್ದಾರೆ.’

ಕ್ಯಾಸೆಟ್ಟಿನ ಬೆನ್ನಿಗೆ ನಂಬರ್ ಹಾಕಿ, ಯಾವುದರಲ್ಲಿ ಯಾರ ಸಮಾರಂಭ ಎಂದು ಒಂದು ಪುಸ್ತಕದಲ್ಲಿ ಗೀಚಿಕೊಳ್ಳುವ ಅಭ್ಯಾಸ ನನಗಿತ್ತು. ನೀವೂ ಇಟ್ಟುಕೊಳ್ಳಿ. ಪುಟ ತಿರುವುತ್ತಾ ಹೋದರೆ ಸಿಕ್ಕಿತು. ಆ ಒರಿಜಿನಲ್ ಮೂರು ಗಂಟೆಯ ಕ್ಯಾಸೆಟ್. ಅದರ ಮೊದಲ ಎರಡು ಗಂಟೆಯಲ್ಲಿ ಹಳೆಯ ಮದುವೆಯೊಂದಿತ್ತು. ಹೊಸದು ಯಾಕೆ ಎಂದು ಉಳಿದ ಜಾಗದಲ್ಲೇ ಗಲಾಟೆ ಹಿಡಿದಿದ್ದೆ. ಆಮೇಲೆ ಅದನ್ನು ಮೊದಲಿಗೆ ಸುತ್ತಿ, ಮಲ್ಲಂದೂರಿನ ಎಸ್ಟೇಟ್ ಮನೆಯೊಂದರ ಗೃಹಪ್ರವೇಶ ಹಿಡಿದಿದ್ದೆ. ಗೃಹಪ್ರವೇಶ ಎರಡು ಗಂಟೆಯೊಳಗೆ ಮುಗಿದಿದ್ದರೆ ಅದರ ಬಾಲದಲ್ಲಿ ಗಲಾಟೆ ಇನ್ನೂ ಇರಬೇಕು. ಆ ಮನೆಯವರು ನನ್ನ ಜೊತೆ ಗುದ್ದಾಡಿ ಒರಿಜಿನಲ್ಲನ್ನೂ ಇಸಿದುಕೊಂಡಿದ್ದರು. ಆವತ್ತು ಎಷ್ಟು ಬೈದುಕೊಂಡಿದ್ದೆನೋ! ನನ್ನಲ್ಲೇ ಉಳಿದಿದ್ದರೆ ಅದರ ಮೇಲೆ ಇನ್ನು ನಾಲ್ಕು ನಾಮಕರಣ ಕೂತಿರುತ್ತಿದ್ದವು.

ನಂದಿನಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಲ್ಲಂದೂರಿಗೆ ಹೋದೆ. ಎಸ್ಟೇಟಿನ ಯಜಮಾನಿ ಪುಟ್ಟಮ್ಮನವರು ಕಣದಲ್ಲಿ ಕಾಫಿ ಒಣಗಿಸುತ್ತಿದ್ದವರು ಸೆರಗು ಕೊಡವಿಕೊಂಡು ಬಂದರು. ವಿಷಯ ಹೇಳಿದೆ.

‘ಅದು ಕೊಡೋ ಕ್ಯಾಸೆಟ್ಟಲ್ಲ ರಾಜಣ್ಣ. ನಮ್ ಮಾವ ಓಡಾಡಿರೋದು ಅದೊಂದ್ರಲ್ಲೇ ಇರೋದು. ತೀರ್ಕೊಂಡು ಮೂರು ವರ್ಷ ಆಯ್ತು. ಕೋರ್ಟಿಗೆ ಕೊಟ್ಟು ಇಲಿ ತಿನ್ನಿಸ್ಲಾ?’

‘ಸಿಡಿ ಮಾಡಿಕೊಡ್ತೀನಿ ಅಮ್ಮಾವ್ರೇ. ನಾಲ್ಕು ಕಾಪಿ. ಹಾಡು ಹಾಕಿ.’

‘ಹಾಡು ಬ್ಯಾಡ. ಮಾವ ಮಾತಾಡಿದ್ದು ಕೇಳ್ಬೇಕು ನಂಗೆ. ನಿಮ್ ಹಾಡು ಯಾರಿಗೆ ಬೇಕು?’

‘ಒಂದ್ಸಲ ನೋಡೋಣ್ವಾ? ಕೊನೇವರೆಗೂ?’

ಕಸೂತಿ ಬಟ್ಟೆ ಹೊದೆಸಿದ್ದ ವಿಸಿಆರ್ ಈಚೆಗೆ ಬಂತು. ಹಸು ಮನೆಯೊಳಗೆ ಬಂತು, ಹಾಲು ಉಕ್ಕಿತು, ಮಾವನವರು ಕಾಫಿ ಲೋಟ ಹಿಡಿದು ಕ್ಯಾಮೆರಾಕ್ಕೆ ‘ಅತ್ಲಾಗೆ ಹೋಗಯ್ಯ’ ಎಂದು ಗದರಿದರು. ಪುಟ್ಟಮ್ಮನವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಎರಡು ಗಂಟೆ ತುಂಬುತ್ತಿದ್ದ ಹಾಗೆ ಚಿತ್ರ ನಡುಗಿ ನೀಲಿಯಾಯಿತು. ನಾನು ಟೀವಿಯ ಹತ್ತಿರಕ್ಕೆ ಜರುಗಿ ಕೂತೆ.

ಠಾಣೆಯ ಮುಂದಿನ ರಸ್ತೆ ಬಂತು. ಕತ್ತರಿ ಬೀಳದ ನಾಲ್ಕು ನಿಮಿಷ. ಸುಶೀಲಮ್ಮ ಎರಡೂ ಕೈ ಎತ್ತಿ ‘ಹೆಸರು ಬರೀರಿ ಸಾಕು’ ಎನ್ನುತ್ತಿದ್ದಾಳೆ. ಯಾರೋ ತಳ್ಳುತ್ತಾರೆ. ಲಾಠಿ ಏಳುತ್ತದೆ. ಆಕೆಯ ಬಲಭುಜದ ಮೇಲೆ ಒಂದು, ಅದೇ ಜಾಗಕ್ಕೆ ಇನ್ನೊಂದು. ನೆಲಕ್ಕೆ ಬೀಳುತ್ತಾಳೆ. ಸೈರನ್ ಕೂಗತೊಡಗುತ್ತದೆ. ಆ ಕೂಗಿನ ನಡುವೆ ಎದ್ದು, ಎಡಗೈಯಲ್ಲಿ ಕಲ್ಲು ಎತ್ತುತ್ತಾಳೆ.

ಪುಟ್ಟಮ್ಮನವರು ಕೇಳಿದರು: ‘ಇವ್ಳು ಕಾಫಿ ಆರಿಸೋಳಾ?’

‘ಹೌದು.’

‘ನಮ್ ಕಾಫಿನೂ ಅಲ್ಲಿಗೇ ಹೋಗೋದು.’ ಕ್ಯಾಸೆಟ್ ತೆಗೆದು ಸೆರಗಿನಲ್ಲಿ ಒರೆಸಿದರು. ‘ನಿನ್ನ ಕೈಗೆ ಕೊಡಲ್ಲ ರಾಜಣ್ಣ. ಬೇಜಾರು ಮಾಡ್ಕಬೇಡ. ಕೋರ್ಟಿಗೆ ನಾನೇ ತರ್ತೀನಿ.’

ಹೇಳಿದ ಹಾಗೆಯೇ ತಂದರು. ಅದಕ್ಕೆ ಮೊದಲು ನಾನು ಗಂಗಾಧರಪ್ಪನವರ ಮನೆಗೆ ಹೋಗಿದ್ದೆ. ನಿವೃತ್ತರಾಗಿ ಕಡೂರಿನಲ್ಲಿದ್ದರು. ಬೈಯುತ್ತಾರೆ, ಹೆದರಿಸುತ್ತಾರೆ ಎಂದುಕೊಂಡಿದ್ದೆ. ಅವರು ಎಲ್ಲ ಕೇಳಿ, ಬಿಳಿಚಿಕೊಂಡು, ‘ನಾನು ಹೇಳಿದ್ನೇನಯ್ಯಾ ಹಾಗೆ ಕತ್ತರಿಸು ಅಂತ?’ ಎಂದರು.

‘ಇಲ್ಲ ಸಾರ್.’

‘ಚಾರ್ಜ್‌ಶೀಟು ಬರೆಯೋವಾಗ ನಿನ್ನ ಕ್ಯಾಸೆಟ್ ಮುಂದಿಟ್ಕೊಂಡೇ ಬರೆದದ್ದು. ನನ್ನ ಬೆನ್ನು ಆ ಕಡೆಗಿತ್ತು. ನೀನು ಮೇಲೆ ನಿಂತಿದ್ದೆ, ನೀನು ನೋಡಿದೀಯ ಅಂತ ನಾನು.’

ಅವರು ನಿಜಕ್ಕೂ ನೋಡಿರಲಿಲ್ಲವೋ, ಕ್ಯಾಸೆಟ್ ಅನುಕೂಲವಾಗಿ ಸಿಕ್ಕಿತೆಂದು ಸುಮ್ಮನಾದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳುವ ಚಟ ನನಗೆ ಆವತ್ತಿಗೇ ಬಿಟ್ಟುಹೋಯಿತು.

ಸುಶೀಲಮ್ಮನ ಲಾಯರು ಅರ್ಜಿ ಹಾಕಿ ನನ್ನನ್ನು ಮತ್ತೆ ಕಟಕಟೆಗೆ ಕರೆಸಿದರು. ಟೀವಿಯಲ್ಲಿ ಮೊದಲು ಹಸು ಬಂತು. ಕೋರ್ಟ್ ಹಾಲಿನಲ್ಲಿ ನಗು. ಸರ್ಕಾರಿ ವಕೀಲರು, ‘ಇದೇನು ಗೋಪೂಜೆಯೇ?’ ಎಂದರು. ಮುಂದಕ್ಕೆ ಓಡಿಸಿದರು. ಆ ನಾಲ್ಕು ನಿಮಿಷ ಮುಗಿಯುವ ಹೊತ್ತಿಗೆ ನಗು ಇರಲಿಲ್ಲ.

‘ಅಂದು ಪ್ರಮಾಣ ಮಾಡಿ ಹೇಳಿದ್ದು ಸುಳ್ಳೋ, ಇಂದು ಹೇಳುತ್ತಿರುವುದು ಸುಳ್ಳೋ?’ ಎಂದು ಸರ್ಕಾರಿ ವಕೀಲರು ನನ್ನನ್ನು ಕೇಳಿದರು.

‘ಅಂದು ಹೇಳಿದ್ದು ನನ್ನ ಕತ್ತರಿ ಹೇಳಿಸಿದ್ದು ಸ್ವಾಮಿ. ಇಂದು ಕ್ಯಾಮೆರಾ ಹೇಳಿಸುತ್ತಿದೆ.’

ನ್ಯಾಯಾಧೀಶರಿಗೆ ನನ್ನ ಚಮತ್ಕಾರದ ಮಾತು ಹಿಡಿಸಲಿಲ್ಲ. ಮದುವೆಮನೆಯ ನಾಲಿಗೆ ಇಲ್ಲಿ ಬೇಡ ಎಂದು ಗದರಿದರು. ನಿನ್ನ ಮೇಲೇ ಏಕೆ ಕೇಸು ಹಾಕಬಾರದು ಎಂದು ಕೇಳಿ, ತಪ್ಪೊಪ್ಪಿಗೆ ಬರೆಸಿಕೊಂಡು, ಎಲ್ಲರೆದುರು ಛೀಮಾರಿ ಹಾಕಿ ಬಿಟ್ಟರು. ಮೊದಲು ಪೆಟ್ಟು ತಿಂದವಳು ಆಕೆಯೇ ಎಂದು ಸುಶೀಲಮ್ಮನಿಗೆ ಬಿಡುಗಡೆಯಾಯಿತು. ಕ್ಯೂರಿಂಗ್ ವರ್ಕ್ಸಿನ ಕೆಲಸ ಮಾತ್ರ ವಾಪಸ್ ಬರಲಿಲ್ಲ. ಎಸ್ಪಿ ಕಚೇರಿಯಿಂದ ಅರಗಿನ ಕಟ್ಟಳೆ ಹೊರಟದ್ದು ಅದಾದ ತಿಂಗಳಲ್ಲೇ.

ನಂದಿನಿಯ ಚಿತ್ರ ಮುಗಿಯುತ್ತಾ ಬಂತು. ನಾನು ಹೋಗಿ ಹಳೆಯ ಕರಾರು ಮುರಿದೆ. ನನ್ನ ಹೆಸರು ಬೇಡ, ಅದರ ಬದಲಿಗೆ ಆ ನಾಲ್ಕು ನಿಮಿಷಕ್ಕೆ ಒಂದೇ ಒಂದು ಕತ್ತರಿ ಬೀಳಕೂಡದು ಎಂದೆ. ‘ಅದನ್ನ ನೀವು ಹೇಳ್ದೇ ಇದ್ರೂ ಮಾಡ್ತಿದ್ದೆ ಸರ್. ಚೌಕಾಸಿಯಲ್ಲಿ ನಿಮಗೆ ಲಾಸಾಯ್ತು’ ಎಂದಳು. ಆಗಲಿ ಬಿಡಿ.

ಪೊಲೀಸ್ ಮೈದಾನದ ಪಕ್ಕದ ಹಾಲಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಹೊಸ ಕಾನ್‌ಸ್ಟೇಬಲ್ಲುಗಳನ್ನೂ ಕಾಫಿ ಆರಿಸುವ ಹೆಂಗಸರನ್ನೂ ಒಟ್ಟಿಗೆ ಕೂರಿಸಿ ಚಿತ್ರ ತೋರಿಸಿದರು. ಸುಶೀಲಮ್ಮ ನನ್ನ ಪಕ್ಕದ ಕುರ್ಚಿಯಲ್ಲಿ. ಕ್ಷಮೆ ಕೇಳಬೇಕೆಂದು ಒಂದು ವಾರದಿಂದ ಮಾತು ಜೋಡಿಸಿಕೊಂಡಿದ್ದೆ. ಆ ನಾಲ್ಕು ನಿಮಿಷ ಮುಗಿದು ದೀಪ ಹಾಕಿದಾಗ, ಆಕೆಯೇ ಮೊದಲು ಬಾಯಿಬಿಟ್ಟಳು. ಕಣ್ಣು ಇನ್ನೂ ಬಿಳಿ ಪರದೆಯ ಮೇಲೇ ಇತ್ತು.

‘ನಾನೇ ಮೊದ್ಲು ಎಸೆದೆ ಅಂತ ನಂಬಿಬಿಟ್ಟಿದ್ದೆ ಅಣ್ಣ.’

ನನಗೆ ಅರ್ಥವಾಗಲಿಲ್ಲ. ‘ಹೊಡ್ತ ತಿಂದೋಳು ನೀನು. ನಿಂಗೆ ಗೊತ್ತಿರಲ್ವಾ?’

‘ಶುರುವಿಗೆ ಗೊತ್ತಿತ್ತು. ಕೋರ್ಟಲ್ಲಿ ಅಷ್ಟು ಸಲ ಹಾಕಿ ತೋರಿಸಿದ್ರಲ್ಲ. ಟೀವಿಲಿ ಬಂದಿದ್ದು ಸುಳ್ಳಾಗುತ್ತಾ? ನಂಗೇ ತಲೆ ಕೆಟ್ಟಿದೆ ಅಂದ್ಕೊಂಡೆ. ನನ್ನಿಂದ ಇಷ್ಟು ಜನ ಪೆಟ್ಟು ತಿಂದ್ರಲ್ಲ ಅಂತ ದಿನಾ ದೇವ್ರಿಗೆ ತಪ್ಪುಕಾಣಿಕೆ ಕಟ್ತಿದ್ದೆ.’

ಅವಳ ಎಡಗೈ ತಾನಾಗಿ ಬಲಭುಜಕ್ಕೆ ಹೋಯಿತು.

‘ಇದು ಮಾತ್ರ ಒಪ್ಪಿರ್ಲಿಲ್ಲ ಅಣ್ಣ. ಹನ್ನೆರಡಕ್ಕೆ ಇನ್ನೇನು ಸೈರನ್ ಆಗ್ಬೇಕು, ಅಷ್ಟರಲ್ಲಿ ಇಲ್ಲಿ ನೋವು ಶುರುವಾಗ್ತಿತ್ತು. ದಿನಾ. ಸೈರನ್ನಿಗಿಂತ ಒಂದು ಗಳಿಗೆ ಮುಂಚೆ. ಯಾಕೆ ಅಂತ ಈಗ ಗೊತ್ತಾಯ್ತು ನೋಡು.’

ನಾನು ಕ್ಷಮೆಯ ಮಾತು ತೆಗೆಯುವ ಮೊದಲೇ ಹೆಂಗಸರು ಎದ್ದು ಹೊರಡತೊಡಗಿದರು. ಆಕೆಯೂ ಹೂವಿನ ಬುಟ್ಟಿ ಎತ್ತಿ ಎಡಗಡೆ ಸೊಂಟಕ್ಕೆ ಇಟ್ಟುಕೊಂಡಳು. ಇಷ್ಟು ವರ್ಷ ಒಂದೇ ಓಣಿಯಲ್ಲಿದ್ದೂ, ಆಕೆ ಬಲಗಡೆ ಏನನ್ನೂ ಹೊರುವುದಿಲ್ಲ ಎನ್ನುವುದನ್ನು ನಾನು ಆವತ್ತೇ ಮೊದಲು ನೋಡಿದ್ದು.